ಕೇಳಬೇಕಾಗಿತ್ತು ಅಂದವರು

ಸರ್ ಅವರ ಎಡಗಾಲಿನ ಚಪ್ಪಲಿ ಯಾವಾಗಲೂ ಮೊದಲು ಸವೆಯುತ್ತಿತ್ತು. ವಿಚಾರ ಮಾಡುವಾಗ ಅವರು ಕೊಕ್ಕರೆ ಹಾಗೆ ಎಡಗಾಲ ಮೇಲೆ ನಿಂತು, ಬಲಗಾಲಿನಿಂದ ಅದನ್ನೇ ಉಜ್ಜುತ್ತಿದ್ದರು. ಉಂಡು ಕೈ ತೊಳೆಯಲು ಹೋದವರು ನಳದ ಮುಂದೆ ಹಾಗೇ ನಿಂತುಬಿಟ್ಟರೆ ಹಿಂದೆ ಸಾಲು ಬೆಳೆಯುತ್ತಿತ್ತು. "ಸರ, ಕಾಲ ಇಳಸ್ರಿ, ಮಂದಿ ನಿಂತಾರ" ಅಂತ ನಾನು ಒಲೆ ಮುಂದಿನಿಂದ ಕೂಗಬೇಕು.

ಬೀದರಿನ ಗಾಂಧಿ ಗಂಜದ ಹಿಂದಿನ ಓಣಿಯಲ್ಲಿ ನನ್ನದೊಂದು ಖಾನಾವಳಿ ಇತ್ತು. ಗಂಡ ತೀರಿದಾಗ ನನ್ನ ಮಗಳು ಇನ್ನೂ ಹಾಲು ಬಿಟ್ಟಿರಲಿಲ್ಲ. ರೊಟ್ಟಿ ಬಡಿಯುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಗಂಜದಲ್ಲಿ ಕಾಳಿನ ಚೀಲ ಹೊರುವ ಹಮಾಲರು, ಲಾರಿಯವರು ಉಣ್ಣುವ ಸಾಲಿನಲ್ಲೇ ಸರ್ ಬಂದು ಕೂತರು. ಔರಾದ ಕಡೆಯ ಹಳ್ಳಿಯ ಹುಡುಗ, ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಲು ಬಂದವರು. ಅದೇನು ಶಾಸ್ತ್ರ ಅಂತ ಒಬ್ಬ ಹಮಾಲ ಕೇಳಿದ.

"ಯಾಕ ಅಂತ ಕೇಳೂ ಕೆಲಸರಿ" ಅಂದರು ಸರ್.

"ಅದಕ್ಕೂ ಪಗಾರ ಕೊಡ್ತಾರೇನ್ರಿ?"

ಎಲ್ಲರಿಗಿಂತ ಜೋರಾಗಿ ನಕ್ಕವರು ಸರ್.

ಮದುವೆಯಾದ ಮೇಲೆ ಅದೇ ಓಣಿಯಲ್ಲಿ ಮನೆ ಮಾಡಿದರು. ಅವರ ಹೆಂಡತಿ ನನಗೆ ತಂಗಿಯಾದಳು. ಅವರ ಮಗಳು ನನ್ನ ತೊಡೆಯ ಮೇಲೆ ಬೆಳೆದು ನನ್ನನ್ನು ಆಯಿ ಅಂದಳು. ಸರ್ ಪುಸ್ತಕ ಬರೆದರು, ಹೆಸರು ಮಾಡಿದರು. ಪ್ರತಿ ಪುಸ್ತಕ ನನಗೂ ತಂದು ಕೊಡುತ್ತಿದ್ದರು. ನಾನು ಮೂರನೆಯ ಇಯತ್ತೆ ಕಲಿತವಳು. "ಎರಡು ಪಾನ ಓದೂದ್ರಾಗ ನಿದ್ದಿ ಬಂತ್ರಿ" ಅಂದರೆ, "ನನ್ನ ಹುಡುಗ್ರಿಗೂ ಬರ್ತದ ಅಕ್ಕ. ಅವರು ಹೇಳೂದಿಲ್ಲ, ನೀವು ಹೇಳ್ತೀರಿ" ಅನ್ನುತ್ತಿದ್ದರು. ಒಂದನ್ನು ಮಾತ್ರ ಪೂರ್ತಿ ಓದಿದೆ. ಗಂಡ ಸತ್ತ ಹೆಂಗಸಿಗೆ ಮಂದಿ ಏನೇನು ಮಾಡುತ್ತಾರೆ ಅನ್ನುವುದು ಅದರಲ್ಲಿತ್ತು. ಖರೆ ಬರೆದಿದ್ದರು.

ಸರ್ ಅವರ ಮಗಳ ಲಗ್ನ ಭಾಲ್ಕಿಯಲ್ಲಿ, ಬೀಗರ ಊರಲ್ಲಿ ಆಯಿತು. ನಾನು ಅಡಿಗೆಯವರ ಜೊತೆ ಹಿಂದೆ ಕೂತಿದ್ದೆ. ಇಂಥ ಕಾರ್ಯದಲ್ಲಿ ಮುಂದೆ ಹೋಗುವ ರೂಢಿ ನನಗಿರಲಿಲ್ಲ, ಯಾರೂ ಕರೆದೂ ಇರಲಿಲ್ಲ. ಮದುಮಗಳಿಗೆ ಉಡಿ ತುಂಬುವ ಹೊತ್ತಿಗೆ ಸರ್ ಬಂದು, "ಬರ್ರಿ ಅಕ್ಕ" ಅಂತ ಎಬ್ಬಿಸಿಕೊಂಡು ಹೋದರು. ಯಾತಕ್ಕೆ ಅಂತ ಗೊತ್ತಾಗುವುದರೊಳಗೆ ಹಂದರದ ನಡುವೆ ನಿಲ್ಲಿಸಿ, "ಮೊದಲ ಉಡಿ ಈ ಅಕ್ಕ ತುಂಬ್ತಾರ" ಅಂತ ಎಲ್ಲರ ಮುಂದೆ ಹೇಳಿಬಿಟ್ಟರು.

ಸರ್ ಅವರ ಒಡಹುಟ್ಟಿದ ಅಕ್ಕ ಹಳ್ಳಿಯಿಂದ ಬಂದಿದ್ದಳು. "ತಮ್ಮಾ, ನಿನ್ನ ಪುಸ್ತಕ ನಿನ್ನ ಮನ್ಯಾಗ ಇರ್ಲಿ. ಪೋರಿ ಬಾಳೇವು ಹಾಳ ಮಾಡಬ್ಯಾಡ" ಅಂದಳು. ಎಲ್ಲರ ಕಣ್ಣು ನನ್ನ ಬರಿ ಹಣೆಯ ಮೇಲೆ. ಸರ್ ಒಂಟಿಕಾಲಲ್ಲಿ ನಿಂತರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಷ್ಟರಲ್ಲಿ ಸೆರಗು ಒಡ್ಡಿಕೊಂಡು ಕೂತ ಹುಡುಗಿ, "ಆಯಿ, ಜಲ್ದಿ ಹಾಕ, ಕೈ ಸೋತಾವ" ಅಂದಳು. ಅವಳ ಸಲುವಾಗಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು ಹಾಕಿ, ಹಿಂದೆ ಹೋಗಿ ಕೂತೆ. ಉಣ್ಣಲಿಲ್ಲ.

ಸರ್ ಖುಷಿಯಿಂದ ಬಂದರು. "ಹ್ಯಾಂಗಾಯ್ತು ಅಕ್ಕ?"

"ನನಗ ಕೇಳಿದ್ರೇನ್ರಿ?"

"ಏನು?"

"ಎಲ್ಲಾರ ಮುಂದ ನಿಲ್ಲಸ್ತೇನಿ, ಬರ್ತೀರೇನು ಅಂತ. ಹಿಂದ ಕೂಡು ಅಂದವರೂ ನನಗ ಕೇಳಿರಲಿಲ್ಲ. ಮುಂದ ಬಾ ಅಂದ ನೀವೂ ಕೇಳಲಿಲ್ಲ."

ಆಗ ಅವರ ಎರಡೂ ಕಾಲು ನೆಲದ ಮೇಲಿದ್ದವು. "ಕೇಳಬೇಕಾಗಿತ್ತು" ಅಂದರು. ಹಾಗಲ್ಲ ಹೀಗೆ ಅನ್ನಲಿಲ್ಲ, ನಿಮ್ಮ ಒಳ್ಳೆಯದಕ್ಕೇ ಮಾಡಿದೆ ಅನ್ನಲಿಲ್ಲ. ಅಷ್ಟು ಓದಿದ ಬೇರೊಬ್ಬರ ಬಾಯಲ್ಲಿ ಆ ಮಾತು ನಾನು ಕೇಳಿಲ್ಲ. ಮುಂದೆ ಅದು ಕಾಟವೂ ಆಯಿತು. ನನ್ನ ಲೋಟಕ್ಕೆ ನೀರು ಹಾಕಬೇಕಾದರೂ "ಹಾಕ್ಲೇನು ಅಕ್ಕ?" ಅನ್ನುವರು. "ಹಾಕ್ರಿ, ತಲಿ ತಿನಬ್ಯಾಡ್ರಿ" ಅನ್ನುತ್ತಿದ್ದೆ.

ಈ ವರ್ಷ ಜೋಳದ ರಾಶಿಯ ದಿನಗಳಲ್ಲಿ ಸರ್ ತೀರಿದರು. ಅವರ ಹಳ್ಳಿಗೇ ಒಯ್ದೆವು. ಹಣೆಗೆ ವಿಭೂತಿ ಹಚ್ಚಿ, ಕಾಲು ಮಡಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಾಗೆ ಕೂತ ಅವರನ್ನು ನಾನು ಉಣ್ಣುವಾಗ ಮಾತ್ರ ನೋಡಿದ್ದೆ.

ಎತ್ತುವ ಮೊದಲು ಊರ ಹೆಂಗಸರು ಸರ್ ಅವರ ಹೆಂಡತಿಯ, ನನ್ನ ತಂಗಿಯ, ಬಳೆ ಒಡೆಯಲು ಬಂದರು. ಸರ್ ಅವರ ಹತ್ತಿರ ಓದಿದ ಹುಡುಗರು ಅಡ್ಡ ನಿಂತರು. "ಸರ್ ಜೀವನಪೂರ್ತಿ ಇದರ ವಿರುದ್ಧ ಬರೆದಾರ. ಒಂದು ಬಳಿ ಮುಟ್ಟಂಗಿಲ್ಲ."

"ನಿಮ್ಮ ಕಾಲೇಜು ಬೀದರದಾಗ ಇಟ್ಕೊಳ್ರಿ" ಅಂದಳು ಸರ್ ಅವರ ಅಕ್ಕ.

ಅವಳು ತಂಗಿಯ ಬಲಗೈ ಹಿಡಿದಿದ್ದಳು. ಕಾಲೇಜಿನ ಹುಡುಗಿಯೊಬ್ಬಳು ಎಡಗೈ ಹಿಡಿದಿದ್ದಳು. ನಡುವೆ ತಂಗಿ ಗಂಡನ ಮುಖವನ್ನೇ ನೋಡುತ್ತ ಕೂತಿದ್ದಳು. ಬಳೆ ಇರಲಿ ಅನ್ನಬೇಕೆಂದೇ ನಾನು ಎದ್ದಿದ್ದೆ. ನನ್ನ ಕೈಯ ಬಳೆ ಒಡೆದ ಸದ್ದು ನಾನು ಮರೆತವಳಲ್ಲ. ಆದರೆ ಆ ಮಾತು ಬಾಯಿತನಕ ಬಂದು ನಿಂತಿತು.

"ಇಬ್ರೂ ಕೈ ಬಿಡ್ರಿ. ಆಕಿಗಿ ಯಾರರೆ ಕೇಳೀರೇನು?"

ಬಿಟ್ಟರು. ನಾನು ಅವಳ ಮುಂದೆ ಕೂತೆ. "ತಂಗಿ, ಏನ ಮಾಡೂಣು?"

ಅವಳು ಬಳೆಗಳನ್ನು ಒಂದು ಸಲ ಮೇಲೆ ಸರಿಸಿ ಕೆಳಗೆ ಬಿಟ್ಟಳು. "ಇರ್ಲಿ ಅಕ್ಕ. ಕೆಲಸ ಮಾಡ್ತಾ ಒಂದೊಂದ ಒಡೀತಾವಲ್ಲ. ಒಡದಾಗ ಒಡೀಲಿ."

ಎರಡೂ ಕಡೆಯವರಿಗೆ ಅದು ರುಚಿಸಲಿಲ್ಲ. ಸರ್ ಅವರನ್ನು ಎತ್ತಿದರು.

ಹೋದ ತಿಂಗಳು ತಂಗಿ ಪಾತ್ರೆ ತಿಕ್ಕುವಾಗ ಒಂದು ಬಳೆ ಒಡೆಯಿತು. ಚೂರು ಆರಿಸಿ ಬಿಸಾಕಿದೆ. "ಬಳಿ ಅಂಗಡಿಗಿ ಹೋಗೂಣೇನು, ಬ್ಯಾಡೇನು?" ಅಂತ ಕೇಳಿದೆ.

"ಹೇಳ್ತೇನಿ ಅಕ್ಕ" ಅಂದಳು.

ಇನ್ನೂ ಹೇಳಿಲ್ಲ. ನಾನು ಕಾಯುತ್ತಿದ್ದೇನೆ.