ಖಾಲಿ ಬಂದ ಡಬ್ಬಿ

ಮಾರ್ತಾಬಾಯಿ ಪ್ರಾರ್ಥನೆ ಮಾಡುವಾಗ ಹಲ್ಲು ಕಡಿಯುತ್ತಿದ್ದರು. ಪೂರ್ತಿ ಪ್ರಾರ್ಥನೆಗೆ ಅಲ್ಲ. ಮಗಳು, ಅಳಿಯ, ಊರಿಗೆ ಮಳೆ, ನನ್ನ ಹೆಂಡತಿಯ ಮಂಡಿನೋವು ಇವೆಲ್ಲ ಸರಾಗವಾಗಿ ಸಾಗುತ್ತಿದ್ದವು. ಕೊನೆಗೆ ನನ್ನ ದೊಡ್ಡಪ್ಪ ಗುರಪ್ಪನ ಹೆಸರು ಬರುತ್ತಿತ್ತು. ಆಗ ಮಾತು ನಿಧಾನವಾಗಿ, ದವಡೆ ಬಿಗಿದು, ನಡುಗೋಡೆಯ ಈಚೆ ನಮ್ಮ ಮನೆಯಲ್ಲಿ ಕೂತ ನನಗೂ ಆ ಕಟಕಟ ಕೇಳಿಸುತ್ತಿತ್ತು. ಗೋಡೆ ದಾಟಿ ಹಲ್ಲಿನ ಸದ್ದು ಬರುವುದು ಸಾಧ್ಯವೇ ಎಂದು ಈಗ ಅನುಮಾನ. ದಿನಚರಿಯಲ್ಲೇನೋ ಹಾಗೆಯೇ ಇದೆ. ಆದರೆ ದಿನಚರಿ ಬರೆದವನೂ ನಾನೇ ಆದ್ದರಿಂದ ಆ ಸಾಕ್ಷಿಯನ್ನು ಹೆಚ್ಚು ನೆಚ್ಚುವಂತಿಲ್ಲ.

ಯರಗುಪ್ಪಿಯ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ಅದೊಂದೇ. ಗಂಡ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಿರಣಿ ನಿಂತಿತು, ಪಡಸಾಲೆಗೆ ಹೊಲಿಗೆ ಯಂತ್ರ ಬಂತು. ಸಂತಳಂಥ ಸೌಮ್ಯ ಮುಖವನ್ನು ಯಾರಾದರೂ ಕಲ್ಪಿಸಿಕೊಳ್ಳುತ್ತಿದ್ದರೆ ಈಗಲೇ ಬಿಟ್ಟುಬಿಡುವುದು ಒಳ್ಳೆಯದು. ಕುಪ್ಪಸ ಬಿಗಿಯಾಯಿತೆಂದು ದೂರು ತಂದವಳಿಗೆ ಓಣಿಗೆಲ್ಲ ಕೇಳುವಂತೆ, “ಅಳತಿ ಹೋದ ವರ್ಷದ್ದ ಕೊಟ್ಟಿ, ಮೈ ಈ ವರ್ಷದ್ದು ತಂದೀಯಲ್ಲಬೇ!” ಎನ್ನುತ್ತಿದ್ದರು.

ಭಾನುವಾರ ಕುಂದಗೋಳದಿಂದ ಒಂದಿಬ್ಬರು ಬಂದು ಅವರ ಪಡಸಾಲೆಯಲ್ಲಿ ಹಾಡುತ್ತಿದ್ದರು. ದೊಡ್ಡಪ್ಪನಿಗೆ ಅದು ಸೇರಲಿಲ್ಲ. “ಇವತ್ತ ಹಾಡ್ತಾಳ, ನಾಳೆ ಊರ ಕೆಡಸ್ತಾಳ” ಎಂದು ಪಂಚಾಯ್ತಿಯವರ ಮುಂದೆ ತಕರಾರು ತೆಗೆದ. ಹಾಡು ಪಡಸಾಲೆಯಿಂದ ಅಡುಗೆಮನೆಗೆ ಸರಿಯಿತು. ಅಷ್ಟಕ್ಕೇ ಬಿಡದೆ, ದೊಡ್ಡವ್ವ ನೀಲವ್ವ ಅಲ್ಲಿ ಕುಪ್ಪಸ ಹೊಲಿಸುವುದನ್ನೂ ಬಂದ್ ಮಾಡಿದ. ದೊಡ್ಡವ್ವ ಬೇರೆಲ್ಲೋ ಹೊಲಿಸಿಕೊಂಡು, ಒಂದು ತೋಳು ಬಿಗಿ ಒಂದು ತೋಳು ಸಡಿಲವಾಗಿ ಓಡಾಡತೊಡಗಿದಳು. ಮಾರ್ತಾಬಾಯಿ ಯಂತ್ರ ನಿಲ್ಲಿಸಿ ನೋಡಿ, “ಪಾಪ, ಗುರಪ್ಪನ ಸಿಟ್ಟು ಆಕಿ ಬಗಲಾಗ ಕುಂತೈತಿ” ಎಂದರು.

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ದೇವರನ್ನು ನಂಬುವುದಿಲ್ಲ, ನಂಬುವುದಿಲ್ಲವೆಂದು ಹೇಳಿಕೊಳ್ಳುವುದನ್ನು ಮಾತ್ರ ಬಹಳ ನಂಬುತ್ತೇನೆ. ಈ ಹೆಂಗಸು ಒಂದಲ್ಲ ಒಂದು ದಿನ ನನಗೆ ಧರ್ಮ ಬೋಧಿಸಲು ಬರುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಅದಕ್ಕಾಗಿ ಉತ್ತರಗಳನ್ನು ಸಿದ್ಧಪಡಿಸಿ, ಬಸ್ಸಿನಲ್ಲಿ ಹೋಗುವಾಗ ಮನಸ್ಸಿನಲ್ಲೇ ತಿದ್ದಿ ತಿದ್ದಿ ಹೊಳಪು ಕೊಟ್ಟಿದ್ದೆ. ವರ್ಷಗಳು ಕಳೆದವು, ಅವರು ಬರಲೇ ಇಲ್ಲ. ಕೊನೆಗೆ ನಾನೇ ನಾಚಿಕೆ ಬಿಟ್ಟು ಕೇಳಿದೆ: “ಬಾಯಾರ, ನನಗ ಯಾಕ ನೀವು ಒಂದ ದಿನಾನೂ ನಿಮ್ಮ ಧರ್ಮದ ಬಗ್ಗೆ ಹೇಳಲಿಲ್ಲ?”

ಅವರು ಬಾಯಲ್ಲಿದ್ದ ದಾರ ತೆಗೆದು ಹೇಳಿದರು: “ನೀವು ಕೇಳೂ ಪೈಕಿ ಅಲ್ಲರಿ ಸರ, ಮಾತಾಡೂ ಪೈಕಿ.”

ಆ ಮಟ್ಟಿಗೆ ನನ್ನ ಚರ್ಚೆ ಮುಗಿಯಿತು. ಹೊರಡುವ ಮುನ್ನ, ಸೋತವರ ಹಟದಿಂದ, ಇನ್ನೊಂದು ಬಾಣ ಬಿಟ್ಟೆ. ದೊಡ್ಡಪ್ಪನ ಹೆಸರು ಬಂದಾಗ ಹಲ್ಲು ಕಡಿಯುವುದು ಯಾವ ಪ್ರೀತಿ?

“ಪ್ರೀತಿ ಎಲ್ಲೈತ್ರಿ? ಅಗದಿ ಸಿಟ್ಟೈತಿ,” ಎಂದರು. “ಯೇಸುಸ್ವಾಮಿ ವೈರೀನ್ನ ಪ್ರೀತಿ ಮಾಡು ಅಂದಾನ. ಮನಸಿಗೆ ಬಂದಾಗ ಮಾಡು ಅಂದಿಲ್ಲ. ಮನಸು ಬರೂ ಮಟಾ ಕುಂತ್ರ ನಾವಿಬ್ಬರೂ ಮಣ್ಣಾಗ ಹೋಗಿರ್ತೀವಿ. ಅದಕ್ಕ ಮೊದಲ ಕೈ ಕಳಸೂದು, ಮನಸು ಹಿಂದ ಬರ್ಲಿ.” ಆಮೇಲೆ ದನಿ ತಗ್ಗಿಸಿ ಅಂದರು: “ಮ್ಯಾಲ ಹೋದಾಗ ನನಗ ಕೇಳೂದು ಇದ ಪ್ರಶ್ನಿ ಐತಿ ನೋಡ್ರಿ. ಮಾರ್ತಾ, ಗುರಪ್ಪ ನಿನ್ನ ಕೈಯಾಗಿಂದು ಒಂದ ತುತ್ತರ ತಿಂದನೇನು?”

ಹಾಗೆ ಅವರು ಕಳಿಸುತ್ತಿದ್ದ ಕೈ ಎಂದರೆ ನಾನೇ. ಕ್ರಿಸ್‌ಮಸ್ ದಿನ ಓಣಿಯ ಮನೆಮನೆಗೂ ಕರ್ಚಿಕಾಯಿ ಹೋಗುತ್ತಿತ್ತು. ದೊಡ್ಡಪ್ಪನ ಪಾಲಿನ ಸ್ಟೀಲ್ ಡಬ್ಬಿ ಒಯ್ಯುವ ಕೆಲಸ ನನ್ನದು. ವರ್ಷಕ್ಕೊಮ್ಮೆ ಕಾಲೇಜಿನಲ್ಲಿ ಸೌಹಾರ್ದದ ಮೇಲೆ ಭಾಷಣ ಮಾಡುವವನಿಗೆ ಇದಕ್ಕಿಂತ ದೊಡ್ಡ ಸುಯೋಗವುಂಟೇ? ಎರಡು ಮನೆಗಳ ನಡುವಿನ ಸೇತುವೆ ನಾನು ಎಂದು ಅವರಿಗೇ ಹೇಳಿಯೂ ಬಿಟ್ಟೆ.

“ಸೇತುವಿ ಅಲ್ಲರಿ, ನೀವು ಟಪಾಲಿನವರು. ಡಬ್ಬಿ ಓರೆ ಹಿಡೀಬ್ಯಾಡ್ರಿ, ಕರ್ಚಿಕಾಯಿ ಒಡೀತಾವ.”

ದೊಡ್ಡಪ್ಪ ಡಬ್ಬಿಯನ್ನು ಕೈಯಿಂದ ಕಸಿದುಕೊಂಡು, “ಎಮ್ಮಿಗೆ ಹಾಕ್ತೇನಿ” ಎನ್ನುತ್ತ ಕೊಟ್ಟಿಗೆಗೆ ನಡೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಬರಿದಾದ ಡಬ್ಬಿಯೊಂದಿಗೆ ಬಂದು, ಅದರಲ್ಲಿ ಒಂದು ಬೆಲ್ಲದ ಹೆಂಟೆ ಹಾಕಿ ಕೊಡುತ್ತಿದ್ದ. ಯಾರದೇ ಪಾತ್ರೆ ಮನೆಗೆ ಬಂದರೆ ಖಾಲಿ ತಿರುಗಿಸಬಾರದು, ವೈರಿಯದಾದರಂತೂ ಸರ್ವಥಾ ಕೂಡದು. “ಆಕಿ ಹಂಗು ನಮಗ ಬ್ಯಾಡ.” ಬೆಲ್ಲವೇ ಯಾಕೆಂದರೆ, ಸಕ್ಕರೆ ಎಂಬುದು ಕಾರ್ಖಾನೆಯ ವಿಷ, ಅದು ಅವನ ಹೊಸ್ತಿಲು ದಾಟುವಂತಿರಲಿಲ್ಲ.

ನಾನು ಸತ್ಯನಿಷ್ಠ. ಎಮ್ಮೆಯ ವಿಷಯವನ್ನು ಹೋಗಿ ಮಾರ್ತಾಬಾಯಿಗೆ ವರದಿ ಮಾಡಿದೆ. ಅವರು ಯಂತ್ರದ ಚಕ್ರ ತಿರುಗಿಸಿ ಹೊಲಿಗೆ ಮುಂದುವರಿಸಿದರು. ಮರುವರ್ಷ ಡಬ್ಬಿ ಕೊಡುವಾಗ ಮಾತ್ರ ಹೇಳಿದರು: “ಈ ಸಲ ಅವರ ಪಾಲಿಂದಕ್ಕ ಸಕ್ರಿ ಕಡಿಮಿ ಹಾಕೇನ್ರಿ. ಎಮ್ಮಿಗೆ ಸಿಹಿ ಹೆಚ್ಚಾದ್ರ ಹೊಟ್ಟಿ ಕೆಡತೈತಿ.” ಅಂದಿನಿಂದ ದೊಡ್ಡಪ್ಪನ ಡಬ್ಬಿಗೆ ಸಕ್ಕರೆ ಕಡಿಮೆಯ ಕರ್ಚಿಕಾಯಿ ಬೇರೆಯಾಗಿಯೇ ಆಗತೊಡಗಿತು. ನನಗೆ ನಗು ಬಂದಿತ್ತು. ಅದನ್ನು ಕಾಲೇಜಿನಲ್ಲಿ ಹೇಳಿ ಸಹೋದ್ಯೋಗಿಗಳನ್ನೂ ನಗಿಸಿದೆ.

ಒಂದು ವರ್ಷ ಸಂಕ್ರಾಂತಿಯ ಹೊತ್ತಿಗೆ ನೀಲವ್ವ ದೊಡ್ಡವ್ವ ತೀರಿಕೊಂಡಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರೇ ಬುತ್ತಿ ಕಟ್ಟಿ ಒಯ್ಯಬೇಕು. ಮಾರ್ತಾಬಾಯಿ ಅದೇ ಡಬ್ಬಿ ತುಂಬ ಕಡಲೆಹಿಟ್ಟಿನ ಜುಣಕ, ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಹಿಡಿದುಕೊಂಡು ನನ್ನ ಮುಂದೆ ನಿಂತರು. ಕಣ್ಣು ಕೆಂಪಗಾಗಿದ್ದವು. “ಈ ಸಲ ಎಮ್ಮಿ ಹೆಸರು ತಗೀಬ್ಯಾಡ ಅಂತ ಹೇಳ್ರಿ.” ನಾನು ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ದೊಡ್ಡಪ್ಪ ಡಬ್ಬಿ ಇಸಿದುಕೊಂಡು ತನ್ನ ಪಕ್ಕದಲ್ಲೇ ಇಟ್ಟುಕೊಂಡ.

ದಿನಕರ್ಮಗಳು ಮುಗಿದ ಮೇಲೆ ಡಬ್ಬಿ ನನ್ನ ಕೈಗೆ ಬಂತು. ತೊಳೆದು ಒರೆಸಿದ ಡಬ್ಬಿ. ಹಗುರವಾಗಿತ್ತು. ದಾರಿಯಲ್ಲಿ ಮುಚ್ಚಳ ತೆಗೆದು ನೋಡಿದೆ, ಬೆಲ್ಲವಿರಲಿಲ್ಲ. ಪಾಪ, ದುಃಖದಲ್ಲಿ ಮರೆತಿದ್ದಾನೆ. ಖಾಲಿ ಡಬ್ಬಿ ನೋಡಿದರೆ ಬಾಯಾರು ಅವಮಾನವಾಯಿತೆಂದುಕೊಳ್ಳುತ್ತಾರೆ. ಇಷ್ಟು ವರ್ಷ ಕಟ್ಟಿದ ಸೌಹಾರ್ದ ಒಂದು ಹೆಂಟೆ ಬೆಲ್ಲಕ್ಕೆ ಮುರಿದುಬೀಳಬೇಕೆ? ಸೇತುವೆ ಎಚ್ಚೆತ್ತಿತು. ನಮ್ಮ ಮನೆಯೊಳಗೆ ನುಗ್ಗಿ, ಕೈಗೆ ಸಿಕ್ಕ ಸಕ್ಕರೆಯನ್ನು ಅರ್ಧ ಡಬ್ಬಿ ಸುರಿದು, ಒಯ್ದು ಕೊಟ್ಟೆ.

ಮಾರ್ತಾಬಾಯಿ ಡಬ್ಬಿ ತೆರೆದರು. ಅವರ ಮುಖ ಸಣ್ಣದಾಯಿತು. “ಮತ್ತ ತುಂಬಿ ಕಳಿಸ್ಯಾನ,” ಎಂದರು. ಅಷ್ಟರಲ್ಲಿ ಏನೋ ಹೊಳೆದು, ಒಂದು ಚಿಟಿಕೆ ಬೆರಳಿಗೆ ಹಿಡಿದು ನೋಡಿದರು. “ಸಕ್ರಿ! ಗುರಪ್ಪನ ಮನ್ಯಾಗ ಸಕ್ರಿ ಯಾವಾಗಿಂದರಿ?”

ನಾನು ಚಪ್ಪಲಿ ಹುಡುಕತೊಡಗಿದೆ.

“ಸರ, ಖರೆ ಹೇಳ್ರಿ. ಅಂವ ಏನ್ ಹಾಕಿ ಕೊಟ್ಟಿದ್ದ?”

“ಏನೂ ಇಲ್ರಿ. ಮರ್ತಿರಬೇಕು. ಖಾಲಿ ಹೆಂಗ ಕೊಡೂದು ಅಂತ ನಾನ...”

“ಖಾಲಿ ಕೊಟ್ಟಿದ್ದನ?” ಅವರು ಎದ್ದೇ ನಿಂತರು. “ನಿಮಗ ಕಾಲೇಜಿನ್ಯಾಗ ಏನ್ ಕಲಿಸ್ಯಾರ್ರಿ? ನನ್ನ ಮಗಳ ಮನಿಂದ ಡಬ್ಬಿ ಖಾಲಿನ ಬರ್ತೈತಿ! ಹಂಗು ಬ್ಯಾಡ ಅನ್ನವರು ತುಂಬಿ ಕಳಸ್ತಾರ. ಖಾಲಿ ಕಳಸೂದು ಮನಿಯವರು!” ನನ್ನ ಸಕ್ಕರೆಯನ್ನು ಒಂದು ಕಾಗದಕ್ಕೆ ಸುರಿದು ನನ್ನ ಕೈಗೇ ಇಟ್ಟರು. ಆಮೇಲೆ ಆ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಕ್ಕರು, ಸೆರಗಿನಿಂದ ಮೂಗನ್ನೂ ಒರೆಸಿಕೊಂಡರು. ಆ ಸಂಜೆ ಗೋಡೆಯಾಚೆ ಹಲ್ಲಿನ ಸದ್ದಿರಲಿಲ್ಲ. ಇರಲಿಲ್ಲವೆಂದೇ ಬರೆದುಕೊಂಡಿದ್ದೇನೆ.

ಆದರೂ ಅವರಿಗೆ ಒಂದು ಅಳುಕು ಉಳಿದಿತ್ತು. “ಅಂವ ತಿಂದನೋ, ಬಂದವರಿಗೆ ಹಂಚಿದನೋ ಯಾರಿಗ್ಗೊತ್ತು?” ಎಂದು ಆಗಾಗ ಅನ್ನುತ್ತಿದ್ದರು. ಕೇಳಿ ಬರುತ್ತೇನೆ ಎಂದರೆ, “ಬ್ಯಾಡ್ರಿ, ನೀವು ಕೇಳಾಕ ಹೋದ್ರ ಭಾಷಣ ಆಕ್ಕೈತಿ” ಎನ್ನುತ್ತಿದ್ದರು.

ಅದೇ ವರ್ಷದ ಮಳೆಗಾಲದಲ್ಲಿ, ಯಂತ್ರಕ್ಕೆ ದಾರ ಪೋಣಿಸುತ್ತಿದ್ದವರು ಹಾಗೆಯೇ ಒರಗಿಬಿಟ್ಟರು. ಹುಬ್ಬಳ್ಳಿಯಲ್ಲಿ ಮಣ್ಣು ಮಾಡಿದರು. ದೊಡ್ಡಪ್ಪ ಬರಲಿಲ್ಲ. ಮನೆ ಖಾಲಿ ಮಾಡುವಾಗ ಮಗಳು ಆ ಡಬ್ಬಿಯನ್ನು ನನ್ನ ಕೈಗಿಟ್ಟು, “ಇದು ನಮ್ಮನ್ಯಾಗ ಇದ್ದದ್ದಕ್ಕಿಂತ ನಿಮ್ಮ ಕೈಯಾಗ ಇದ್ದದ್ದ ಹೆಚ್ಚು, ಇಟ್ಕೋರಿ” ಎಂದಳು.

ಆ ವರ್ಷದ ಕ್ರಿಸ್‌ಮಸ್ ದಿನ ಬೆಳಿಗ್ಗೆ ದೊಡ್ಡಪ್ಪ ಕಟ್ಟೆಯ ಮೇಲಿಂದ ಕೂಗಿದ. “ಏನಲೇ, ಇವತ್ತ ಬಾಯಾರ ಹಬ್ಬ ಅಲ್ಲೇನು?”

“ಹೌದು.”

“ಮತ್ತ ಡಬ್ಬಿ?”

ನಾನೂ ಹೆಂಡತಿಯೂ ಒಲೆಯ ಮುಂದೆ ಕೂತೆವು. ಅರ್ಧ ಕರ್ಚಿಕಾಯಿ ಎಣ್ಣೆಯಲ್ಲೇ ಬಾಯಿಬಿಟ್ಟವು. ಉಳಿದವನ್ನು ಡಬ್ಬಿಗೆ ಹಾಕಿ ಒಯ್ದೆ. ದೊಡ್ಡಪ್ಪ ಕೊಟ್ಟಿಗೆಯ ಕಡೆ ಹೋಗಲಿಲ್ಲ. ಕಟ್ಟೆಯ ಮೇಲೆ, ಓಣಿಯ ಕಣ್ಣೆದುರಿಗೇ, ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ.

“ಸಕ್ರಿ ಭಾಳ ಆತು.”

“ಬಾಯಾರೂ ಹಿಂಗ ಮಾಡ್ತಿದ್ರು,” ಎಂದು ಸುಳ್ಳು ಹೇಳಿದೆ.

“ನನಗ ಹೇಳ್ತೀ ಏನಲೇ? ಮೊದಮೊದಲ ಹಿಂಗ ಮಾಡ್ತಿದ್ಲು. ಆಮ್ಯಾಲ ಯಾಕೋ ಸಕ್ರಿ ಕಡಿಮಿ ಮಾಡಿದ್ಲು. ಕಡಿಮೀವ ಛಲೋ ಇದ್ದು.”

ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕೊಟ್ಟಿಗೆಯೊಳಗೆ ಇಣುಕಿ ನೋಡಿರಲಿಲ್ಲ. ಸಮಾಜವನ್ನು ಅಧ್ಯಯನ ಮಾಡುವವನು ಎಮ್ಮೆಯನ್ನಾದರೂ ಒಂದು ಮಾತು ಕೇಳಬಹುದಿತ್ತು.

ದೊಡ್ಡಪ್ಪ ಮುಖ ಕಿವುಚುತ್ತಲೇ ಎಲ್ಲವನ್ನೂ ತಿಂದು, ಡಬ್ಬಿಯನ್ನು ಪಂಚೆಯ ಅಂಚಿನಿಂದ ಒರೆಸಿ ಖಾಲಿಯೇ ಕೊಟ್ಟ. ನಾನು ಅದನ್ನು ಹಿಡಿದು ಬೀಸುಗಾಲಲ್ಲಿ ಬಂದೆ. ಬಂದದ್ದು ನಮ್ಮ ಮನೆಗಲ್ಲ. ಮಾರ್ತಾಬಾಯಿಯ ಬಾಗಿಲಿಗೆ ಹಾಕಿದ ಬೀಗ ಕಂಡ ಮೇಲೆ ಎಚ್ಚರವಾಯಿತು. ಹೇಳಲು ಅಷ್ಟು ದೊಡ್ಡ ಸುದ್ದಿಯಿತ್ತು. ಏನು ಮಾಡಬೇಕೆಂದು ತಿಳಿಯದೆ, ಒಳಗೆ ಏನೂ ಇಲ್ಲದ ಡಬ್ಬಿಯನ್ನು ಓರೆಯಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ.