ಹೊಸ್ತಿಲ ಮೇಲಿನ ಅಕ್ಷರ

ನಮ್ಮ ವಿನೋದಿನಿಗೆ ಪಬ್ಬಿನ ಹುಚ್ಚು. ಕುಡಿಯುವುದಿರಲಿ, ವಾಸನೆಗೇ ಮೂಗು ಮುಚ್ಚಿಕೊಳ್ಳುವವಳು. ಆದರೂ ಈ ಪರದೇಶದಲ್ಲಿ, ರಿಂಗಾಸ್ಕಿಡಿ ಎಂಬ ಊರಿನ ಔಷಧ ಕಾರ್ಖಾನೆಯಲ್ಲಿ ಕೆಲಸ ಮುಗಿದರೆ ನೇರ ನಾವಿರುವ ಹಳ್ಳಿಯ ಪಬ್ಬಿಗೆ ಹೋಗಿ, ಟೀ ಕುಡಿಯುತ್ತಾ ವಿಕ್ಟೋರಿಯಾ ರಾಣಿ ಕಾಲದ ಗಾರೆಯ ಹೂಬಳ್ಳಿ, ಮಹಾಗನಿ ಕೌಂಟರು ನೋಡುತ್ತಾ ಕೂರುತ್ತಾಳೆ. ಅಲ್ಲಿನ ಸ್ನಗ್ ಎಂದರಂತೂ ಪ್ರಾಣ. ಹಿಂದೆ ಹೆಂಗಸರು ಯಾರ ಕಣ್ಣಿಗೂ ಬೀಳದೆ ಕುಡಿಯಲೆಂದು ಕಟ್ಟಿದ ಮರದ ಪುಟ್ಟ ಕೋಣೆ ಅದು: ಬೀದಿಯಿಂದಲೇ ಬೇರೆ ಬಾಗಿಲು, ಮಬ್ಬು ಗಾಜು, ಕೌಂಟರಿಗೆ ಒಂದು ಕಿಂಡಿ.

ತನ್ನ ಅಕ್ಕನ ಮಗಳು ಅನನ್ಯಾಳನ್ನು ತೋರಿಸುವ ಶಾಸ್ತ್ರವನ್ನೂ ಈ ಪುಣ್ಯಾತ್ಗಿತ್ತಿ ಅಲ್ಲೇ ಇಟ್ಟಳು. ಅನನ್ಯಾ, ಹುಡುಗ ಅರ್ಜುನ್ ಇಬ್ಬರೂ ಆಗಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಮೈಸೂರಿನಿಂದ ಬಂದಿದ್ದ ಅವನ ದೊಡ್ಡಮ್ಮ ಗಿರಿಜಾಂಬ ಒಪ್ಪಬೇಕಿತ್ತು. ಅವನನ್ನು ಸಾಕಿದವರು ಅವರೇ. ಅವರು ಬೇಡವೆಂದರೆ ಮುಗಿಯಿತು.

"ಹಳೇ ಕಾಲದ ಟೀ ಅಂಗಡಿ ಅಂತ ಹೇಳಿದೀನಿ ಕಣೇ. ನೀನು ಬಾಯಿ ಬಿಟ್ರೆ ನೋಡು," ಎಂದಳು ನನಗೆ. ನನ್ನ ಕರ್ಮ, ತಲೆಯಾಡಿಸಿದೆ.

ಗಿರಿಜಾಂಬ ಸೀರೆಯ ನೆರಿಗೆ ಎತ್ತಿ, ಹೊಸ್ತಿಲು ತುಳಿಯದಂತೆ ಬಗ್ಗಿ ನೋಡಿಕೊಂಡು, ಬಲಗಾಲಿಟ್ಟು ಒಳಗೆ ಹೋದರು. ಒಳಗೆ ಮೂವರಿಗಷ್ಟೇ ಜಾಗ. ನಾವಿಬ್ಬರೂ ಸುತ್ತಿ ಬಂದು ಕೌಂಟರಿನ ಹಿಂದೆ, ಮುಚ್ಚಿದ ಕಿಂಡಿಯ ಸಂದಿಗೆ ಕಣ್ಣು, ಕಿವಿ ಕೊಟ್ಟು ನಿಂತೆವು.

ಅನನ್ಯಾ ನಮಸ್ಕಾರಕ್ಕೆ ಬಗ್ಗಿದಳು. ಸೊಂಟ ಬಡಿದು, ತೆರೆದಿದ್ದ ಬಾಗಿಲು ದಢಾರನೆ ಮುಚ್ಚಿ, ಹಳೆಯ ಚಿಲಕ ಬಿದ್ದು ಕಚ್ಚಿಕೊಂಡಿತು. ಅರ್ಜುನ್ ಎಳೆದ, ಗುದ್ದಿದ, ಊಹೂಂ. ಸದ್ದು ಕೇಳಿದ, ಪಬ್ಬು ನಡೆಸುವ ಡೊನಾಲ್, ನಾವು ತಡೆಯುವಷ್ಟರಲ್ಲಿ ಎಣ್ಣೆ ಡಬ್ಬಿ ಹಿಡಿದು ಕಿಂಡಿ ತೆರೆದೇಬಿಟ್ಟ. ಅವನ ಹಿಂದೆ ಸಾಲು ಸಾಲು ವಿಸ್ಕಿ ಬಾಟಲಿ, ಪಕ್ಕದಲ್ಲಿ ನಮ್ಮಿಬ್ಬರ ಪೆಚ್ಚು ಮುಖ.

"ಅದು... ಔಷಧಿ ಅಮ್ಮ," ಎಂದಳು ವಿನೋದಿನಿ.

"ಹೌದು ದೊಡ್ಡಮ್ಮ, ಕಷಾಯದ ಥರ," ಎಂದ ಅರ್ಜುನ್.

ಅನನ್ಯಾಳ ಮುಖ ಕೆಂಪಾಯಿತು. "ಎಲ್ಲಾ ಸುಳ್ಳು ದೊಡ್ಡಮ್ಮ. ಇದು ಪಬ್ಬು. ನಾನೂ ಸುಮ್ನಿದ್ದೆ, ನಂದೂ ತಪ್ಪು."

ಸಂಬಂಧ ಕೈತಪ್ಪಿತು ಎಂದುಕೊಂಡೆ.

"ಗೊತ್ತು ಕಣಮ್ಮ," ಎಂದರು ಗಿರಿಜಾಂಬ. "ಹೊಸ್ತಿಲ ಟೈಲ್ಸಲ್ಲೇ 'ವೈನ್ಸ್ ಅಂಡ್ ಸ್ಪಿರಿಟ್ಸ್' ಅಂತ ಅಕ್ಷರ ಜೋಡಿಸಿದಾರಲ್ಲ, ದಾಟುವಾಗ ಓದ್ಕೊಂಡೇ ಬಂದೆ. ಯಾರು ನಿಜ ಹೇಳ್ತೀರಿ ಅಂತ ಕಾಯ್ತಿದ್ದೆ."

ದಿನವೂ ಅದನ್ನೇ ತುಳಿದು ಓಡಾಡುವ ನಮ್ಮ ಪಬ್ ಪಂಡಿತೆ ಒಮ್ಮೆಯೂ ಕೆಳಗೆ ನೋಡಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ; ಅವಳು ಚಿವುಟಿದಳು, ಆಮೇಲೆ ಅವಳೂ ನಕ್ಕಳು.

ಎಣ್ಣೆ ಬಿಟ್ಟು ಅರ್ಜುನ್ ಕೊನೆಗೂ ಬಾಗಿಲು ತೆರೆದ. ಗಿರಿಜಾಂಬ ಅನನ್ಯಾಳ ಹಣೆಗೆ ಕುಂಕುಮ ಇಟ್ಟರು.

"ಹುಡುಗಿ ನನಗೊಪ್ಪಿಗೆ. ಕಷಾಯ ಅಂದೋನು ಇವಳಿಗೆ ಒಪ್ಪಿಗೆನಾ, ಕೇಳಿ."

ಅರ್ಜುನ್ ನಾಚಿ, ಕ್ಷಮೆ ಕೇಳಲು ದೊಡ್ಡಮ್ಮನ ಕಾಲಿಗೆ ಬಗ್ಗಿದ. ಬಾಗಿಲು ಮತ್ತೆ ದಢಾರ್ ಎಂದು ಕಚ್ಚಿಕೊಂಡಿತು.

ಕಿಂಡಿಯಲ್ಲಿ ಗಿರಿಜಾಂಬ ಅವರ ಮುಖ ಕಾಣಿಸಿತು. "ಈಗೇನೂ ಅವಸರ ಇಲ್ಲ, ನಿಧಾನಕ್ಕೆ ತೆಗೀರಪ್ಪ. ಮೊದ್ಲು ಟೀ ಕೊಡಿ."