ಥರ್ಮಾಮೀಟರಕ್ಕ ಫ್ರಿಜ್ಜಿಗಿಟ್ಟ ಟ್ಯೂಬು

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಾಣುಗಳಿಗೆ ಅಡುಗೆ ಮಾಡಿ ಬಡಿಸುವ ಅಟೆಂಡರ್ ಒಬ್ಬರಿದ್ದರು. ಕೋಟಿನ ಜೇಬಿನಲ್ಲಿ ಸದಾ ಥರ್ಮಾಮೀಟರ್ ಇಟ್ಟುಕೊಂಡು ಓಡಾಡುತ್ತಿದ್ದುದರಿಂದ ಎಲ್ಲರಿಗೂ ಅವರು ಥರ್ಮಾಮೀಟರಕ್ಕ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು, ರೋಗಾಣು ಬೆಳೆಸಲು ಕುದಿಸಿದ ಅಗರ್ ಗಂಜಿಯನ್ನು ಗಾಜಿನ ತಟ್ಟೆಗಳಿಗೆ ಹುಯ್ದು, ಅದು ಗಟ್ಟಿಯಾಗುವವರೆಗೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಆ ಕೋಣೆಯಲ್ಲಿ ಅಪ್ಪಿತಪ್ಪಿ ಸೀನಿದವರ ಜನ್ಮ ಜಾಲಾಡಿಬಿಡುತ್ತಿದ್ದರು.

ನಾನು ಟೆಕ್ನಿಶಿಯನ್ ಆಗಿ ಸೇರಿದಾಗ ತಲೆಯಲ್ಲಿ ಬರೀ ಪುಸ್ತಕದ ಬದನೆಕಾಯಿ. ಕೆಲಸ ಕಲಿಸಿದ್ದು ಅಕ್ಕ.

“ಈ ರೋಗಾಣುಗಳೂ ಬೀಗರ ಹಾಗೇನೇ ಕಣೇ. ಮೂವತ್ತೇಳು ಡಿಗ್ರಿ ಬೆಚ್ಚಗಿರ್ಬೇಕು, ಪಸೆ ಆರಬಾರ್ದು, ಹುಳಿ ಜಾಸ್ತಿ ಆದ್ರೆ ಮುನಿಸು. ಕೆಲವಕ್ಕೆ ಗಾಳಿ ಬೇಕು, ಕೆಲವಕ್ಕೆ ಗಾಳಿ ಸೋಕಿದ್ರೆ ಪ್ರಾಣಾನೇ ಹೋಗುತ್ತೆ. ಇನ್ನು ಕೆಲವು ಮಹಾರಾಯರಿಗೆ ಮುಚ್ಚಿದ ಜಾಡಿಯೊಳಗೆ ಮೇಣದಬತ್ತಿ ಹಚ್ಚಿಡ್ಬೇಕು. ಅದು ಆರಿದ ಮೇಲೆ ಉಳಿಯೋ ಗಾಳೀನೇ ಅವಕ್ಕೆ ಇಷ್ಟ.”

“ನಿಮ್ಮ ಅತ್ತೆಗೂ ಇಷ್ಟೆಲ್ಲ ಉಪಚಾರ ಮಾಡಿದ್ರಾ ಅಕ್ಕ?” ಎಂದು ಕೆಣಕಿದ್ದೆ.

“ಮಾಡ್ದೆ. ಎಷ್ಟು ಮಾಡಿದ್ರೂ ಅಲ್ಲಿ ಏನೂ ಬೆಳೀಲಿಲ್ಲ ಬಿಡು.”

ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಅವರ ಮೇಲೆ ಒಂದೇ ಒಂದು ದೂರಿರಲಿಲ್ಲ. ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ, ಜಂಬಪಡುವಂಥ ಕೆಲಸವನ್ನೇ ಮಾಡಿದ್ದರು.

ಒಂದು ಮಧ್ಯಾಹ್ನ ವಾರ್ಡಿನಿಂದ ಒಂದು ಟ್ರೇ ಬಂತು. ಸಾಲಾಗಿ ಮೂತ್ರದ ಬಾಟಲಿಗಳು, ಅವುಗಳ ನಡುವೆ ಒಂದು ಪುಟ್ಟ ಟ್ಯೂಬು. ತೀವ್ರ ಜ್ವರದಿಂದ ಮಲಗಿದ್ದ ಆರು ವರ್ಷದ ಹುಡುಗಿಯ ಬೆನ್ನುಮೂಳೆಯೊಳಗಿಂದ ತೆಗೆದ ನೀರು ಅದು. ಮೂತ್ರವನ್ನು ಹೊರಗಿಟ್ಟರೆ ರೋಗಾಣು ಗಂಟೆಗಂಟೆಗೂ ಮರಿ ಹಾಕಿ ಲೆಕ್ಕವೇ ತಪ್ಪುತ್ತದೆ, ಅದಕ್ಕೆ ಫ್ರಿಜ್ಜೇ ಸರಿ. ಆದರೆ ಬೆನ್ನುನೀರಿನಲ್ಲಿರುವ ಮಿದುಳುಜ್ವರದ ರೋಗಾಣು ಥಂಡಿ ತಾಳುವುದಿಲ್ಲ. ಅದನ್ನು ಬೆಚ್ಚಗಿಡಬೇಕು. ಇದನ್ನು ನನಗೆ ಹೇಳಿಕೊಟ್ಟವರೂ ಅಕ್ಕನೇ. ಆವತ್ತು ಟ್ರೇಯೊಳಗೆ ಇಣುಕದೆ, ಅಭ್ಯಾಸಬಲದಿಂದ ಇಡೀ ಟ್ರೇಯನ್ನೇ ಫ್ರಿಜ್ಜಿಗೆ ತಳ್ಳಿಬಿಟ್ಟರು. ಟ್ರೇ ತೆಗೆದುಕೊಳ್ಳಬೇಕಾದವಳು ನಾನು. ಊಟದ ಹೊತ್ತಿಗಿಂತ ಮುಂಚೆಯೇ ಎದ್ದುಹೋಗಿ, ಕ್ಯಾಂಟೀನಿನಲ್ಲಿ ಗೆಳತಿಯ ಜೊತೆ ಹರಟುತ್ತಿದ್ದೆ. ವಾಪಸು ಬಂದಾಗ ಅಕ್ಕ ಟ್ರೇ ಹೊರಗೆ ತೆಗೆದುಕೊಟ್ಟರು. ಟ್ಯೂಬು ತಣ್ಣಗಿದ್ದದ್ದನ್ನು ನಾನೂ ಗಮನಿಸಲಿಲ್ಲ.

ಎರಡು ದಿನ ಕಳೆದರೂ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ‘ರೋಗಾಣು ಇಲ್ಲ’ ಎಂದು ವರದಿ ಬರೆದೆ. ಹಾಗಾದರೆ ಇದು ವೈರಸ್ ಜ್ವರವೇ, ಇವತ್ತಿನಿಂದ ಆ್ಯಂಟಿಬಯಾಟಿಕ್ ಇಂಜೆಕ್ಷನ್ ನಿಲ್ಲಿಸುತ್ತೇವೆ ಎಂದು ವಾರ್ಡಿನ ಡಾಕ್ಟರು ಫೋನಿನಲ್ಲಿ ಹೇಳಿದರು.

“ಯಾವ ಟ್ಯೂಬೇ ಅದು?” ಪಕ್ಕದಲ್ಲೇ ಇದ್ದ ಅಕ್ಕ ಕೇಳಿದರು. ತೋರಿಸಿದೆ. ಅವರ ಮುಖ ಬಿಳಿಚಿಕೊಂಡಿತು.

“ಅಯ್ಯೋ, ಅದನ್ನ ಫ್ರಿಜ್ಜಲ್ಲಿಟ್ಟಿದ್ದೆ ಕಣೇ. ಮುಕ್ಕಾಲು ಗಂಟೆ.”

“ಸುಮ್ನಿರಿ ಅಕ್ಕ. ನಿಜವಾಗ್ಲೂ ರೋಗಾಣು ಇಲ್ದೇನೂ ಇರಬಹುದು” ಎಂದೆ. ನನಗೆ ಹೆದರಿಕೆಯಿದ್ದದ್ದು ನನ್ನ ಕೆಲಸದ ಬಗ್ಗೆ.

“ಇದ್ದು ಸತ್ತಿದ್ರೆ? ಆ ಮಗೂಗೆ ಇಂಜೆಕ್ಷನ್ ನಿಂತ್ರೆ?”

ಕೈಯನ್ನೂ ಒರೆಸಿಕೊಳ್ಳದೆ ಲ್ಯಾಬಿನ ಮುಖ್ಯಸ್ಥರ ಕೋಣೆಗೆ ನುಗ್ಗಿದರು. ಹಿಂದೆಯೇ ಹೋದ ನಾನು ಬಾಗಿಲಲ್ಲೇ ನಿಂತೆ. ತಪ್ಪೆಲ್ಲ ತನ್ನದೇ ಎಂದರು, ನನ್ನ ಸುದ್ದಿಯನ್ನೇ ಎತ್ತಲಿಲ್ಲ. ಮುಖ್ಯಸ್ಥರು ತಕ್ಷಣ ವಾರ್ಡಿಗೆ ಫೋನ್ ಮಾಡಿದರು, ಇಂಜೆಕ್ಷನ್ ಮುಂದುವರಿಯಿತು. ಸಂಜೆ ಅಕ್ಕನ ಕೈಗೆ ಮೆಮೋ ಬಂತು. ಅದನ್ನು ಎರಡು ಸಲ ಓದಿ, ಮಡಚಿ ಚೀಲದಲ್ಲಿಟ್ಟುಕೊಂಡು ತಟ್ಟೆ ತೊಳೆಯಲು ಹೋದರು. ನಾನಾಗ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈಗಲೂ ನೆನೆಸಿಕೊಂಡರೆ ಅಸಹ್ಯವಾಗುತ್ತದೆ.

ಹುಡುಗಿ ಚೇತರಿಸಿಕೊಂಡಳು. ಆ ಟ್ಯೂಬಿನಲ್ಲಿ ನಿಜಕ್ಕೂ ರೋಗಾಣು ಇತ್ತೋ ಇಲ್ಲವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮನೆಗೆ ಹೊರಡುವ ದಿನ ಅವಳ ತಾಯಿ ನಮ್ಮ ಲ್ಯಾಬಿಗೆ ಬಂದಳು. ನಡೆದದ್ದನ್ನೆಲ್ಲ ಡಾಕ್ಟರು ಅವಳಿಗೆ ಹೇಳಿದ್ದರಂತೆ.

“ನನ್ನ ಮಗಳ ಟ್ಯೂಬನ್ನ ಫ್ರಿಜ್ಜಲ್ಲಿಟ್ಟಿದ್ದು ಯಾರು?”

ಅಕ್ಕ ಸ್ಟೂಲಿನಿಂದ ಎದ್ದು ನಿಂತರು. “ನಾನೇ ಕಣಮ್ಮ.”

“ಹೋಗಿ ಹೇಳಿದ್ದು?”

“ಅದೂ ನಾನೇ.”

ತಾಯಿ ಬೈಯಲೆಂದೇ ಬಂದಿದ್ದಿರಬೇಕು. ಆದರೆ ಅಕ್ಕನ ಕೈ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟಳು. ಅಕ್ಕನೂ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಲು ಕಾರಣವೂ ಇರಲಿಲ್ಲವಲ್ಲ, ಅವರ ಪಾಲಿಗೆ ನಾನು ಏನೂ ಮಾಡಿರಲಿಲ್ಲ.

ಅದೇ ಎದೆಗೆ ಚುಚ್ಚಿತು. ಸೀದಾ ಮುಖ್ಯಸ್ಥರ ಕೋಣೆಗೆ ಹೋಗಿ, “ಸರ್, ಆವತ್ತು ಆ ಟ್ರೇ ಬಂದಾಗ ಸೀಟಿನಲ್ಲಿ ಇರಬೇಕಾಗಿದ್ದೋಳು ನಾನು” ಎಂದೆ.